ಒಂದೇ ಎಳೆ ಫೈಬರ್‌ನಲ್ಲಿ ಸ್ಪಷ್ಟ ಚಿತ್ರ: ಮಲೆನಾಡಿನ ಕಾಲೇಜು ಲ್ಯಾಬಿಗೊಂದು ಮಾರ್ಗದರ್ಶಿ

"ಸಾರ್, ಹೊಟ್ಟೆಯೊಳಗೆ ಬಿಡೋ ಆ ಪೈಪನ್ನ ಇನ್ನೂ ತೆಳ್ಳಗೆ ಮಾಡೋಕೆ ಆಗಲ್ವಾ?" ಎಂಡೋಸ್ಕೋಪಿಯ ಮಾತು ಬಂದಾಗ ಕ್ಲಾಸಿನಲ್ಲಿ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಆಗುತ್ತದೆ. ಹೊಟ್ಟೆ ನೋಡುವ ಪೈಪ್ ಸಾಮಾನ್ಯವಾಗಿ 9–10 ಮಿಲಿಮೀಟರ್ ದಪ್ಪ ಇರುತ್ತದೆ. ಕೇವಲ 125 ಮೈಕ್ರಾನ್, ಅಂದರೆ ಮಿಲಿಮೀಟರ್‌ನ ಎಂಟನೇ ಒಂದು ಭಾಗ ದಪ್ಪದ ಒಂದೇ ಒಂದು ಗಾಜಿನ ಎಳೆಯಿಂದಲೂ ಚಿತ್ರ ತೆಗೆಯಬಹುದು. ಇಲಿಯ ಮಿದುಳಿನ ಆಳದಲ್ಲಿರುವ ನರಕೋಶಗಳನ್ನು ವಿಜ್ಞಾನಿಗಳು 2018ರಲ್ಲೇ ಹೀಗೆ ನೋಡಿದ್ದಾರೆ.

ಆಸ್ಪತ್ರೆಗೆ ಒಯ್ಯುವ ಉಪಕರಣ ಮಾಡುವುದು ಬೇರೆ ಮಾತು. ಇಲ್ಲಿ ಹೇಳುತ್ತಿರುವುದು ಮೇಜಿನ ಮೇಲಿನ ಪ್ರಯೋಗ. ಶಿವಮೊಗ್ಗ, ಶಂಕರಘಟ್ಟ, ಸಾಗರ, ತೀರ್ಥಹಳ್ಳಿ ಕಡೆಯ ಬಿಇ ಕೊನೆಯ ವರ್ಷದವರು ಅಥವಾ ಎಂಎಸ್ಸಿ ಫಿಸಿಕ್ಸ್‌ನವರು ಒಂದು ಸೆಮಿಸ್ಟರ್‌ನಲ್ಲಿ ಮಾಡಬಹುದಾದದ್ದು. ಮನುಷ್ಯರ ಮೇಲಾಗಲಿ, ಪ್ರಾಣಿಗಳ ಮೇಲಾಗಲಿ ಇದನ್ನು ಪ್ರಯೋಗಿಸುವ ಮಾತೇ ಇಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಚಿತ್ರ ಮಸುಕಾಗಿ ಬಂದರೆ ಹುಡುಗರು ಮೊದಲು ಪ್ರೋಗ್ರಾಂ ತಿದ್ದಲು ಕೂರುತ್ತಾರೆ. ಈಗಂತೂ ಎಲ್ಲದಕ್ಕೂ ನ್ಯೂರಲ್ ನೆಟ್‌ವರ್ಕ್ ಹಾಕುವ ಚಾಳಿ ಬೇರೆ. ನಾನು ಕಂಡಂತೆ ದೋಷ ಹೆಚ್ಚಿನ ಸಲ ಮೇಜಿನ ಮೇಲೇ ಇರುತ್ತದೆ. ಫೈಬರ್ ಅಲುಗಿರುತ್ತದೆ, ತುದಿ ಸರಿಯಾಗಿ ಕತ್ತರಿಸಿರುವುದಿಲ್ಲ, ಇಲ್ಲಾ ಲೇಸರ್ ನಿಂತಲ್ಲಿ ನಿಂತಿರುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಕೋಡ್‌ಗಿಂತ ಟೇಪು, ಕಲ್ಲು, ಡಬ್ಬಿಗಳ ಮಾತೇ ಜಾಸ್ತಿ.

ಯಾವ ಫೈಬರ್ ತೆಗೆದುಕೊಳ್ಳಬೇಕು

ಹಳೆಯ ದಾರಿ ಎಂದರೆ ಸಾವಿರಾರು ಎಳೆಗಳ ಕಟ್ಟು. 1954ರಲ್ಲಿ ಲಂಡನ್ನಿನಲ್ಲಿ ಭೌತವಿಜ್ಞಾನಿ ಹೆರಾಲ್ಡ್ ಹಾಪ್‌ಕಿನ್ಸ್ ಮತ್ತು ನಮ್ಮ ಪಂಜಾಬಿನ ಮೊಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಇಂಥ ಕಟ್ಟಿನ ಮೂಲಕ ಚಿತ್ರ ಸಾಗಿಸಿ ತೋರಿಸಿದರು. ಪ್ರತಿ ಎಳೆ ಒಂದು ಚುಕ್ಕಿಯನ್ನು ಹೊತ್ತು ತರುತ್ತದೆ, ಅಷ್ಟೇ. ತೊಂದರೆ ಏನೆಂದರೆ ಎಳೆಗಳನ್ನು ತೀರಾ ಹತ್ತಿರ ಜೋಡಿಸಿದರೆ ಒಂದರ ಬೆಳಕು ಪಕ್ಕದ್ದಕ್ಕೆ ಸೋರುತ್ತದೆ. ಹಾಗಾಗಿ ನಡುವೆ 3 ಮೈಕ್ರಾನ್‌ಗಿಂತ ಹೆಚ್ಚು ಅಂತರ ಬಿಡಬೇಕು. ಅದಕ್ಕಿಂತ ಸಣ್ಣ ವಿವರ ಕಾಣುವುದಿಲ್ಲ. ಚಿತ್ರದ ಮೇಲೆ ಕಪ್ಪು ಬಲೆಯೂ ಬೀಳುತ್ತದೆ. ನಿಮ್ಮ ಕಾಲೇಜಿನಲ್ಲಿ ಇಂಥ ಕಟ್ಟು ಇದ್ದರೆ ಅದನ್ನು ಸುಧಾರಿಸುವುದು ಸುಲಭ. ಖಾಲಿ ಬಿಳಿ ಹಾಳೆಯ ಚಿತ್ರ ತೆಗೆದು, ಪ್ರತಿ ಎಳೆಯ ನಡುಬಿಂದು ಗುರುತಿಸಿ. ಆ ಬಿಂದುಗಳ ಬೆಳಕನ್ನು ಮಾತ್ರ ತೆಗೆದುಕೊಂಡು, ಬಿಳಿ ಹಾಳೆಯ ಬೆಳಕಿನಿಂದ ಭಾಗಿಸಿ, ನಡುವಿನ ಜಾಗವನ್ನು ಲೆಕ್ಕದಿಂದ ತುಂಬಿ. ಬಲೆ ಹೋಗುತ್ತದೆ. ಇಲ್ಲದ ವಿವರ ಮಾತ್ರ ಬರುವುದಿಲ್ಲ.

ನಮಗೆ ಬೇಕಾದದ್ದು ಮಲ್ಟಿಮೋಡ್ ಫೈಬರ್. ಇದರಲ್ಲಿ ಬೆಳಕು ನೂರಾರು ಬಗೆಯಲ್ಲಿ ಸಾಗಬಹುದು. ಆ ಒಂದೊಂದು ಬಗೆಯೂ ಒಂದು ಮೋಡ್. ಶಿವಮೊಗ್ಗದಿಂದ ಚಿಕ್ಕಮಗಳೂರಿಗೆ ಒಂದು ಬಸ್ ತರೀಕೆರೆ ಮೇಲೆ, ಇನ್ನೊಂದು ನರಸಿಂಹರಾಜಪುರದ ಮೇಲೆ ಹೋದ ಹಾಗೆ. ಹೊರಟದ್ದು ಒಟ್ಟಿಗೇ ಆದರೂ ತಲುಪುವ ಹೊತ್ತು ಬೇರೆ. ಹೀಗೆ ಹಿಂದೆ ಮುಂದೆ ಬಂದ ಬೆಳಕಿನ ಅಲೆಗಳು ಆಚೆ ತುದಿಯಲ್ಲಿ ಒಂದರ ಮೇಲೊಂದು ಬಿದ್ದು ಚುಕ್ಕಿ ಚುಕ್ಕಿಯಾದ ಕಲಸುಮೇಲೋಗರ ಆಗುತ್ತದೆ. ಇದಕ್ಕೆ ಸ್ಪೆಕಲ್ ಎನ್ನುತ್ತಾರೆ. ನೋಡಲು ಕಸದಂತಿದ್ದರೂ ಇದರ ಹಿಂದೆ ಗಟ್ಟಿ ನಿಯಮ ಇದೆ. ಫೈಬರ್ ಅಲುಗದಿದ್ದರೆ, ಒಳಗೆ ಇಂಥ ಅಲೆ ಹಾಕಿದರೆ ಹೊರಗೆ ಇಂಥದ್ದೇ ಬರುತ್ತದೆ. ಆ ಸಂಬಂಧವನ್ನು ಒಮ್ಮೆ ಅಳೆದಿಟ್ಟುಕೊಂಡರೆ, ಹೊರಗೆ ಒಂದೇ ಹೊಳೆಯುವ ಚುಕ್ಕಿ ಬರುವಂತೆ ಒಳಗಿನ ಅಲೆಯನ್ನು ತಿದ್ದಬಹುದು. ಆ ಚುಕ್ಕಿಯನ್ನು ವಸ್ತುವಿನ ಮೇಲೆ ಓಡಿಸಿದರೆ ಚಿತ್ರ.

ಖರೀದಿಗೆ ಮುಂಚೆ ಒಂದು ಲೆಕ್ಕ ಮಾಡಿ. ಕೋರ್‌ನ (ಬೆಳಕು ಸಾಗುವ ನಡುವಿನ ಗಾಜು) ಅರ್ಧ ಅಗಲವನ್ನು ಎನ್‌ಎಯಿಂದ (ಫೈಬರ್ ಎಷ್ಟು ಓರೆಯಾದ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬ ಅಳತೆ) ಗುಣಿಸಿ, 6.28ರಿಂದ ಗುಣಿಸಿ, ತರಂಗದೂರದಿಂದ ಭಾಗಿಸಿ. 50 ಮೈಕ್ರಾನ್ ಕೋರ್, 0.22 ಎನ್‌ಎ ಇರುವ ಸ್ಟೆಪ್-ಇಂಡೆಕ್ಸ್ (ಕೋರ್ ತುಂಬಾ ವಕ್ರೀಭವನ ಸೂಚ್ಯಂಕ ಒಂದೇ) ಫೈಬರ್‌ಗೆ 633 ನ್ಯಾನೋಮೀಟರ್ ಕೆಂಪು ಲೇಸರ್ ಬಳಸಿದರೆ ಉತ್ತರ 54.6. ಅದರ ವರ್ಗದ ಅರ್ಧವೇ ಮೋಡ್‌ಗಳ ಸಂಖ್ಯೆ, ಸುಮಾರು 1,490. ಒಂದೇ ಪೋಲರೈಸೇಶನ್ (ಬೆಳಕಿನ ಅಲೆ ಅದುರುವ ಬಗೆ) ಹಿಡಿದರೆ ಅದರಲ್ಲೂ ಅರ್ಧ, ಅಂದಾಜು 745. ನಿಮ್ಮ ಚಿತ್ರದಲ್ಲಿ ಇರಬಹುದಾದ ನಿಜವಾದ ವಿವರದ ಮಿತಿ ಇಷ್ಟೇ. ಇನ್ನು ಚುಕ್ಕಿಯ ಗಾತ್ರ: ತರಂಗದೂರವನ್ನು ಎನ್‌ಎಯ ಎರಡರಷ್ಟರಿಂದ ಭಾಗಿಸಿದರೆ 1.44 ಮೈಕ್ರಾನ್. ಕಟ್ಟಿನ ಫೈಬರ್‌ಗಿಂತ ಎರಡು ಪಟ್ಟು ಮಿಗಿಲು, ಅದೂ ಎಷ್ಟೋ ತೆಳ್ಳಗಿನ ಎಳೆಯಲ್ಲಿ.

ನೆಟ್‌ವರ್ಕ್ ಅಂಗಡಿಯಲ್ಲಿ ಸಿಗುವ ಕಿತ್ತಳೆ ಬಣ್ಣದ ಪ್ಯಾಚ್ ಕಾರ್ಡ್ ಕೂಡ ಮಲ್ಟಿಮೋಡೇ. ಆದರೆ ಅದು ಗ್ರೇಡೆಡ್-ಇಂಡೆಕ್ಸ್ ಜಾತಿ, ಅಂದರೆ ನಡುವಿನಿಂದ ಅಂಚಿಗೆ ಹೋದಂತೆ ವಕ್ರೀಭವನ ಸೂಚ್ಯಂಕ ಕಡಿಮೆಯಾಗುತ್ತದೆ. ಅದೇ ಕೋರ್, ಅದೇ ಎನ್‌ಎಗೆ ಮೋಡ್‌ಗಳು ಅರ್ಧಕ್ಕೆ ಇಳಿಯುತ್ತವೆ. ನಡುವೆ ಚುಕ್ಕಿ ಚೂಪು, ಅಂಚಿಗೆ ಹೋದಂತೆ ದಪ್ಪ. ಬಾಗಿಸಿದರೆ ತಾಳಿಕೊಳ್ಳುವ ಗುಣ ಮಾತ್ರ ಇದಕ್ಕೇ ಜಾಸ್ತಿ. ಕಲಿಯಲು ಇದು ಸಾಕು, ಸ್ಪಷ್ಟತೆ ಬೇಕಾದರೆ ಸ್ಟೆಪ್-ಇಂಡೆಕ್ಸ್.

ಮನೆಗೆ ಇಂಟರ್ನೆಟ್ ತರುವ ಫೈಬರ್ ಸಿಂಗಲ್ ಮೋಡ್. ಅದರಿಂದ ಚಿತ್ರ ಬರುವುದಿಲ್ಲ. ಆದರೆ ಅದರ ಒಂದು ತುಂಡಿಗೆ ಕೆಂಪು ಬೆಳಕು ಬಿಟ್ಟು ಆಚೆ ತುದಿಯ ಬೆಳಕನ್ನು ಗೋಡೆಯ ಮೇಲೆ ನೋಡಿ. ದೂರಸಂಪರ್ಕದ ತರಂಗದೂರಕ್ಕೆ ಒಂದೇ ಮೋಡ್ ಇರುವ ಈ ಫೈಬರ್ ಕೆಂಪು ಬೆಳಕಿಗೆ ಕೆಲವು ಮೋಡ್‌ಗಳನ್ನು ಬಿಡುತ್ತದೆ. ಎರಡು ದಳ, ನಾಲ್ಕು ದಳದ ಹೂವಿನಂಥ ಆಕಾರಗಳು ಕಾಣುತ್ತವೆ. ಫೈಬರನ್ನು ಸ್ವಲ್ಪ ಬಾಗಿಸಿದರೆ ಆಕಾರ ಬದಲಾಗುತ್ತದೆ. ಮೋಡ್ ಅಂದರೇನು ಎಂದು ಬೋರ್ಡಿನ ಮೇಲೆ ಗಂಟೆಗಟ್ಟಲೆ ಹೇಳುವ ಬದಲು ಇದನ್ನು ತೋರಿಸಿದರೆ ಸಾಕು.

ತುದಿ ಕತ್ತರಿಸುವುದು

ಫೈಬರ್ ಹಾಕಲು ಬರುವ ಹುಡುಗರ ಜೊತೆ ಸ್ನೇಹ ಮಾಡಿಕೊಳ್ಳಿ. ಅವರ ಹತ್ತಿರ ಒಳ್ಳೆಯ ಕ್ಲೀವರ್ (ಫೈಬರನ್ನು ನೇರವಾಗಿ ಕತ್ತರಿಸುವ ಸಾಧನ) ಇರುತ್ತದೆ. ದಿನಾ ಮಾಡುವ ಕೆಲಸವಾದ್ದರಿಂದ ಕೈಯೂ ಪಳಗಿರುತ್ತದೆ. 125 ಮೈಕ್ರಾನ್ ಗಾಜಾದರೆ ಅದೇ ಕ್ಲೀವರ್ ನಮ್ಮ ಮಲ್ಟಿಮೋಡ್‌ಗೂ ಆಗುತ್ತದೆ. ಮೇಲಿನ ಪ್ಲಾಸ್ಟಿಕ್ ಲೇಪ ಸುಲಿದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಆಮೇಲೆ ಕತ್ತರಿಸಬೇಕು. ತುದಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ. ಕನ್ನಡಿಯಂತೆ ನುಣುಪಾಗಿ ಕಾಣದಿದ್ದರೆ ಇನ್ನೊಮ್ಮೆ ಕತ್ತರಿಸಿ. ಒಡಕು ತುದಿ ಇಟ್ಟುಕೊಂಡು ಮುಂದೆ ಹೋಗಬೇಡಿ.

ಕತ್ತರಿಸಿ ಬಿದ್ದ ಚೂರುಗಳನ್ನು ಕೂಡಲೇ ಸೆಲೋಟೇಪಿಗೆ ಅಂಟಿಸಿ ಡಬ್ಬಿಗೆ ಹಾಕಿ. ಚರ್ಮಕ್ಕೆ ಚುಚ್ಚಿದರೆ ಕಣ್ಣಿಗೂ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಆ ಮೇಜಿನ ಹತ್ತಿರ ತಿಂಡಿ, ಕಾಫಿ ಬೇಡ. ಲೇಸರ್ ಉರಿಯುತ್ತಿರುವಾಗ ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ತರಬೇಡಿ, ಎಷ್ಟೇ ಮಂಕಾಗಿ ಕಂಡರೂ.

ಮೇಜು, ಲೇಸರ್, ಡಬ್ಬಿ

ಆಪ್ಟಿಕಲ್ ಟೇಬಲ್ ಇಲ್ಲ ಅಂತ ಕೈಕಟ್ಟಿ ಕೂರಬೇಡಿ. ದಪ್ಪ ಕಡಪ ಕಲ್ಲಿನ ಚಪ್ಪಡಿ ಒಂದು, ಅದರ ಕೆಳಗೆ ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬು. ರಸ್ತೆಯ ಅದುರು ಬಹಳಷ್ಟು ಕಡಿಮೆಯಾಗುತ್ತದೆ. ನೆಲಮಹಡಿಯ ಕೋಣೆ ಹಿಡಿಯಿರಿ. ಸಾಗರ ರಸ್ತೆಯಂಥ ಕಡೆ ಇದ್ದರೆ ಅಳತೆ ತೆಗೆಯುವುದನ್ನು ರಾತ್ರಿಗೆ ಇಟ್ಟುಕೊಳ್ಳಿ. ಶೀಟಿನ ಮಾಡಿನ ಕಟ್ಟಡದಲ್ಲಿ ಜೋರು ಮಳೆ ಬರುವಾಗ ಕೆಲಸ ನಿಲ್ಲಿಸಿ ಹರಟೆ ಹೊಡೆಯುವುದೇ ಒಳ್ಳೆಯದು.

ಲೇಸರ್‌ಗೆ ಅಂಗಡಿಯ ಪಾಯಿಂಟರ್ ಬೇಡ. ಕಾರಣ ಇದೆ. ಮೋಡ್‌ಗಳ ನಡುವಿನ ದಾರಿಯ ವ್ಯತ್ಯಾಸ ನಮ್ಮ ಫೈಬರ್‌ನಲ್ಲಿ ಮೀಟರಿಗೆ ಸುಮಾರು 17 ಮಿಲಿಮೀಟರ್. ಲೇಸರ್‌ನ ಕೊಹೆರೆನ್ಸ್ ಉದ್ದ (ಅಲೆ ಲಯ ತಪ್ಪದೆ ಸಾಗುವ ದೂರ) ಅದಕ್ಕಿಂತ ಚೆನ್ನಾಗಿ ಜಾಸ್ತಿ ಇರಬೇಕು, ಇಲ್ಲದಿದ್ದರೆ ಅಲೆಗಳು ಒಂದಕ್ಕೊಂದು ಸೇರುವುದೇ ಇಲ್ಲ. ಪಾಯಿಂಟರ್‌ನಲ್ಲಿ ಅದು ಎಷ್ಟಿದೆ ಎಂದು ನಂಬುವ ಹಾಗಿಲ್ಲ, ಬಿಸಿಯಾದಂತೆ ಬದಲಾಗುತ್ತಲೂ ಇರುತ್ತದೆ. ಬಹಳಷ್ಟು ಕಾಲೇಜುಗಳಲ್ಲಿ ಇರುವ ಹೀಲಿಯಂ-ನಿಯಾನ್ ಲೇಸರ್‌ಗೆ ಅದು 20 ಸೆಂಟಿಮೀಟರ್‌ನ ಆಸುಪಾಸು. ಧಾರಾಳ. ಫೈಬರನ್ನೂ ಗಿಡ್ಡ ಮಾಡಿ. 20 ಸೆಂಟಿಮೀಟರ್ ತುಂಡಿನಲ್ಲಿ ವ್ಯತ್ಯಾಸ 3.3 ಮಿಲಿಮೀಟರ್‌ಗೆ ಇಳಿಯುತ್ತದೆ, ಅಲುಗುವ ಉದ್ದವೂ ಕಡಿಮೆ. ಮೀಟರ್‌ಗಟ್ಟಲೆ ಫೈಬರ್ ಇಟ್ಟುಕೊಂಡು ಒದ್ದಾಡುವವರನ್ನು ನೋಡಿದರೆ ನನಗೆ ಅರ್ಥವೇ ಆಗುವುದಿಲ್ಲ.

ಫೈಬರನ್ನು ನೇರವಾಗಿ, ಸಣ್ಣ ಲೋಹದ ಕೊಳವೆಯೊಳಗೆ ಹಾಯಿಸಿ ಎರಡೂ ಕಡೆ ಅಂಟಿಸಿ. ಲೇಸರ್ ಬೆಳಕನ್ನು ಒಳಗೆ ಕೂಡಿಸಲು 10 ಎಕ್ಸ್, 0.25 ಎನ್‌ಎ ಇರುವ ಸಾಮಾನ್ಯ ಮೈಕ್ರೋಸ್ಕೋಪ್ ಆಬ್ಜೆಕ್ಟಿವ್ ಸಾಕು, ನಮ್ಮ 0.22ಕ್ಕೆ ಹೊಂದುತ್ತದೆ. ಅದಕ್ಕಿಂತ ಕಡಿಮೆ ಎನ್‌ಎ ಲೆನ್ಸ್ ಹಾಕಿದರೆ ಓರೆಯಾಗಿ ಸಾಗುವ ಮೋಡ್‌ಗಳಿಗೆ ಬೆಳಕು ಹೋಗುವುದಿಲ್ಲ. ಚುಕ್ಕಿ ದಪ್ಪಗಾಗುತ್ತದೆ. ಎಲ್ಲದರ ಮೇಲೆ ರಟ್ಟಿನ ಡಬ್ಬಿ ಮುಚ್ಚಿ, ಫ್ಯಾನ್ ಆರಿಸಿ, ಲೇಸರ್ ಹಚ್ಚಿ ಅರ್ಧ ಗಂಟೆ ಬಿಡಿ.

ಸ್ಪೆಕಲ್ ಓದುವುದು

ಈ ಹಂತದಲ್ಲಿ ಎಷ್ಟು ಹೊತ್ತು ಕಳೆದರೂ ನಷ್ಟವಿಲ್ಲ. ಆಚೆ ತುದಿಯ ಮುಂದೆ 20 ಎಕ್ಸ್ ಆಬ್ಜೆಕ್ಟಿವ್, ಒಂದು ಪೋಲರಾಯ್ಡ್ (ಒಂದೇ ಪೋಲರೈಸೇಶನ್ ಬಿಡುವ ಹಾಳೆ), ಒಂದು ಕಪ್ಪುಬಿಳುಪು ಕ್ಯಾಮೆರಾ ಇಡಿ. ಕ್ಯಾಮೆರಾದ ಆಟೋ ಎಕ್ಸ್‌ಪೋಶರ್, ಗಾಮಾ, ಶಾರ್ಪನಿಂಗ್ ಎಲ್ಲ ಆಫ್. ಬೆಳಕು ಎರಡರಷ್ಟಾದರೆ ಸಂಖ್ಯೆಯೂ ಎರಡರಷ್ಟಾಗಬೇಕು. ಎಲ್ಲಿಯೂ ಬೆಳಕು ಮಿತಿ ಮೀರಿ ಬೆಳ್ಳಗೆ ಚಪ್ಪಟೆ ಆಗಬಾರದು.

ಮೊದಲ ಪರೀಕ್ಷೆ, ಕಾಂಟ್ರಾಸ್ಟ್. ಚಿತ್ರದ ಸ್ಟ್ಯಾಂಡರ್ಡ್ ಡೀವಿಯೇಶನ್ನನ್ನು ಸರಾಸರಿಯಿಂದ ಭಾಗಿಸಿ. ಪೋಲರಾಯ್ಡ್ ಹಾಕಿದಾಗ 1ರ ಹತ್ತಿರ ಬರಬೇಕು. ಅದನ್ನು ತೆಗೆದರೆ 0.7ರ ಹತ್ತಿರಕ್ಕೆ ಇಳಿಯಬೇಕು, ಎರಡೂ ಪೋಲರೈಸೇಶನ್‌ಗೆ ಬೆಳಕು ಸಮನಾಗಿ ಹಂಚಿದ್ದರೆ. ಪೋಲರಾಯ್ಡ್ ಇದ್ದೂ 0.5, 0.4 ಬರುತ್ತಿದ್ದರೆ ಲೇಸರ್‌ನ ಕೊಹೆರೆನ್ಸ್ ಸಾಲದು, ಇಲ್ಲವೇ ಕ್ಯಾಮೆರಾ ತೆರೆದಿರುವಷ್ಟು ಹೊತ್ತಿನಲ್ಲೇ ಏನೋ ಅದುರುತ್ತಿದೆ.

ಎರಡನೆಯದು, ಹೊಳೆಯುವ ಚುಕ್ಕಿಗಳ ಅಂದಾಜು ಎಣಿಕೆ. ಕೆಲವು ನೂರು ಇರಬೇಕು. ಬೆರಳೆಣಿಕೆಯಷ್ಟೇ ದೊಡ್ಡ ದೊಡ್ಡ ಚುಕ್ಕಿ ಕಂಡರೆ ಬೆಳಕು ಕೆಲವೇ ಮೋಡ್‌ಗಳಲ್ಲಿ ಕೂತಿದೆ ಎಂದರ್ಥ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಏನನ್ನೂ ಮುಟ್ಟದೆ 10 ಸೆಕೆಂಡಿಗೊಂದು ಚಿತ್ರದಂತೆ ಅರ್ಧ ಗಂಟೆ ತೆಗೆಯಿರಿ. ಪ್ರತಿಯೊಂದನ್ನೂ ಮೊದಲ ಚಿತ್ರದ ಜೊತೆ ಹೋಲಿಸಿ ಕೋರಿಲೇಶನ್ (ಎರಡು ಚಿತ್ರ ಎಷ್ಟು ಹೋಲುತ್ತವೆ ಎಂಬ ಸಂಖ್ಯೆ, ಪೂರ್ತಿ ಒಂದೇ ಆದರೆ 1) ಲೆಕ್ಕ ಹಾಕಿ, ಗ್ರಾಫ್ ಎಳೆಯಿರಿ. ಕ್ಯಾಲಿಬ್ರೇಶನ್ (ಒಳಗಿನ, ಹೊರಗಿನ ಅಲೆಗಳ ಸಂಬಂಧ ಅಳೆಯುವ ಕೆಲಸ) ಮತ್ತು ಚಿತ್ರ ತೆಗೆಯುವುದು ಎರಡೂ ಸೇರಿ ಬೇಕಾಗುವ ಹೊತ್ತಿನವರೆಗೆ ಅದು 0.95ಕ್ಕಿಂತ ಮೇಲೇ ಇರಬೇಕು. ಇಲ್ಲದಿದ್ದರೆ ಮುಂದೆ ಹೋಗಬೇಡಿ. ಒಂದೊಂದನ್ನೇ ಹುಡುಕಿ: ಡಬ್ಬಿ ಸರಿ ಮುಚ್ಚಿದೆಯಾ, ಅಂಟು ಒಣಗಿದೆಯಾ, ಕ್ಯಾಮೆರಾದ ಬಿಸಿ ಫೈಬರ್‌ಗೆ ತಾಗುತ್ತಿದೆಯಾ, ಯಾರಾದರೂ ಪಕ್ಕದ ಕೋಣೆಯ ಬಾಗಿಲು ಹಾಕಿದರಾ. ಗ್ರಾಫ್ ನಿಧಾನಕ್ಕೆ ಜಾರಿದರೆ ಸಾಮಾನ್ಯವಾಗಿ ಉಷ್ಣತೆ ಅಥವಾ ಅಂಟು, ತಟಕ್ಕನೆ ಬಿದ್ದರೆ ಯಾರೋ ಮೇಜು ಮುಟ್ಟಿದ್ದಾರೆ.

ಕ್ಯಾಲಿಬ್ರೇಶನ್

ಒಳಗಿನ ಅಲೆಯನ್ನು ತಿದ್ದಲು ಡಿಎಂಡಿ (ಡಿಜಿಟಲ್ ಮೈಕ್ರೋಮಿರರ್ ಡಿವೈಸ್) ಬೇಕು. ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ರೂಪಿಸಿದ ಚಿಪ್ ಇದು. ಲಕ್ಷಾಂತರ ಪುಟಾಣಿ ಕನ್ನಡಿಗಳು ಆಚೆ ಈಚೆ ವಾಲುತ್ತವೆ. ಡಿಎಲ್‌ಪಿ ಪ್ರೊಜೆಕ್ಟರ್‌ಗಳ ಒಳಗಿರುವುದು ಇದೇ. ಹಾಗಂತ ಸೆಮಿನಾರ್ ಹಾಲಿನ ಹಳೆಯ ಪ್ರೊಜೆಕ್ಟರ್ ಬಿಚ್ಚಲು ಹೋಗಬೇಡಿ. ಬೂದು ಬಣ್ಣ ತೋರಿಸಲು ಅದು ಕನ್ನಡಿಗಳನ್ನು ಒಂದೇ ಸಮ ಪಟಪಟ ಆಡಿಸುತ್ತಿರುತ್ತದೆ. ನಮಗೆ ಬೇಕಾದದ್ದು ಕೊಟ್ಟ ನಮೂನೆಯನ್ನು ಹಾಗೇ ನಿಲ್ಲಿಸಿ ಹಿಡಿಯುವ ಬೋರ್ಡ್. ಇಡೀ ಪ್ರಯೋಗದಲ್ಲಿ ಜಾಸ್ತಿ ದುಡ್ಡು ಹೋಗುವುದು ಇದಕ್ಕೇ. ಯೂನಿವರ್ಸಿಟಿಯಲ್ಲೋ ಬೇರೆ ಕಾಲೇಜಿನಲ್ಲೋ ಇದ್ದರೆ ಕೇಳಿ ತನ್ನಿ. ಸ್ಪೆಕಲ್ ಪರೀಕ್ಷೆಗಳಲ್ಲಿ ಪಾಸಾಗುವವರೆಗೆ ಹೇಗೂ ಇದರ ಅಗತ್ಯ ಬೀಳುವುದಿಲ್ಲ.

ಕನ್ನಡಿ ಆನ್ ಅಥವಾ ಆಫ್ ಎರಡೇ ಸ್ಥಿತಿ. ಅಲೆಯ ಫೇಸ್ (ಏರಿಳಿತದಲ್ಲಿ ಅದು ಯಾವ ಹಂತದಲ್ಲಿದೆ ಎಂಬುದು) ತಿದ್ದುವುದು ಹೇಗೆ ಹಾಗಾದರೆ? ಪಟ್ಟೆ ಪಟ್ಟೆಯ ನಮೂನೆ ಹಾಕಿ. ಬೆಳಕು ಹಲವು ದಿಕ್ಕಿಗೆ ಒಡೆಯುತ್ತದೆ. ಅದರಲ್ಲಿ ಮೊದಲ ಕವಲನ್ನು ಮಾತ್ರ ಸಣ್ಣ ಕಿಂಡಿಯಿಂದ ಹಾಯಿಸಿ ಉಳಿದದ್ದನ್ನು ತಡೆಯಿರಿ. ಈಗ ಪಟ್ಟೆಗಳನ್ನು ಪಕ್ಕಕ್ಕೆ ಸರಿಸಿದರೆ ಆ ಕವಲಿನ ಫೇಸ್ ಬದಲಾಗುತ್ತದೆ. ಎಂಟು ಕನ್ನಡಿಗೊಂದು ಪಟ್ಟೆ ಇದ್ದರೆ, ಎರಡು ಕನ್ನಡಿಯಷ್ಟು ಸರಿಸಿದಾಗ 90 ಡಿಗ್ರಿ. ಬೆಳಕು ಬಹಳ ಪೋಲಾಗುತ್ತದೆ, ಇರಲಿ ಬಿಡಿ, ವೇಗ ಸಿಗುತ್ತದೆ.

ಇನ್ನು ಅಳತೆ. ಫೈಬರ್‌ನ ಒಳತುದಿಯ ಮೇಲೆ 30ಕ್ಕೆ 30ರ ಚೌಕದಲ್ಲಿ 900 ಜಾಗ ಗುರುತಿಸಿ. ಮೋಡ್‌ಗಳ ಎಣಿಕೆಗಿಂತ ಸ್ವಲ್ಪ ಜಾಸ್ತಿಯೇ ಇರಲಿ. ಒಂದೊಂದು ಜಾಗಕ್ಕೂ ಬೆಳಕು ಹಾಕುವಾಗ ಜೊತೆಗೆ ಬದಲಾಗದ ಒಂದು ರೆಫರೆನ್ಸ್ ಬೆಳಕನ್ನೂ ಹಾಕಿ. ಫೇಸನ್ನು 0, 90, 180, 270 ಡಿಗ್ರಿಗೆ ಇಟ್ಟು ನಾಲ್ಕು ಚಿತ್ರ ತೆಗೆಯಿರಿ. ಮೊದಲನೆಯದರಿಂದ ಮೂರನೆಯದನ್ನು ಕಳೆದರೆ ಅಲೆಯ ಒಂದು ಅಂಶ, ಎರಡನೆಯದರಿಂದ ನಾಲ್ಕನೆಯದನ್ನು ಕಳೆದರೆ ಇನ್ನೊಂದು ಅಂಶ. ಎರಡೂ ಸೇರಿದರೆ ಪ್ರತಿ ಪಿಕ್ಸೆಲ್‌ನಲ್ಲಿ ಅಲೆಯ ಎತ್ತರವೂ ಫೇಸೂ ಸಿಕ್ಕಿತು. ಒಟ್ಟು 3,600 ಚಿತ್ರ. ಸೆಕೆಂಡಿಗೆ 100 ಚಿತ್ರ ತೆಗೆಯುವ ಕ್ಯಾಮೆರಾಕ್ಕೆ 36 ಸೆಕೆಂಡ್.

ರೆಫರೆನ್ಸನ್ನು ಫೈಬರ್ ಹೊರಗಿನಿಂದ ತಂದರೆ ಅಳತೆ ಸಮನಾಗಿ ಬರುತ್ತದೆ, ಆದರೆ ಎರಡು ದಾರಿಗಳ ನಡುವೆ ಗಾಳಿ ಆಡಿದರೂ ಕೆಡುತ್ತದೆ. ಫೈಬರ್ ಒಳಗಿಂದಲೇ ಕಳಿಸಿದರೆ ಸ್ಥಿರ. ಅದೂ ಸ್ಪೆಕಲ್ ಆಗುವುದರಿಂದ ಅದರ ಕಪ್ಪು ಜಾಗಗಳಲ್ಲಿ ಮಾತ್ರ ಅಳತೆ ಸಿಗುವುದಿಲ್ಲ. ನಮ್ಮ ಲ್ಯಾಬುಗಳಿಗೆ ಎರಡನೆಯದೇ ವಾಸಿ. ರೆಫರೆನ್ಸ್‌ನ ಜಾಗ ಬದಲಿಸಿ ಮತ್ತೊಮ್ಮೆ ಅಳೆದರೆ ಹೆಚ್ಚಿನ ಕಪ್ಪು ಜಾಗಗಳು ತುಂಬಿಕೊಳ್ಳುತ್ತವೆ.

ಹೊರಗೆ ಒಂದು ಬಿಂದುವಿನಲ್ಲಿ ಬೆಳಕು ಕೂಡಬೇಕೆಂದರೆ, ಆ ಬಿಂದುವಿಗೆ ಪ್ರತಿ ಜಾಗದಿಂದ ಬಂದ ಫೇಸನ್ನು ತಿರುಗುಮುರುಗು ಮಾಡಿ ಎಲ್ಲವನ್ನೂ ಒಟ್ಟಿಗೆ ಹಾಕಿ. ಎಲ್ಲ ಅಲೆಗಳೂ ಅಲ್ಲಿ ಹೆಜ್ಜೆ ಸೇರಿಸುತ್ತವೆ. ಸ್ಪೆಕಲ್ ಮಾಯವಾಗಿ ಒಂದು ಚೂಪಾದ ಚುಕ್ಕಿ ನಿಲ್ಲುತ್ತದೆ. ಲ್ಯಾಬಿನಲ್ಲಿ ಎಲ್ಲರೂ ಒಮ್ಮೆ ಕೂಗುವ ಹೊತ್ತು ಇದೇ. ಬೆಳಕು ಎಷ್ಟೇ ಕಲಸಿಹೋದರೂ ಹೀಗೆ ಫೇಸ್ ತಿದ್ದಿ ಕೂಡಿಸಬಹುದು ಎಂದು ವಿಜ್ಞಾನಿಗಳಾದ ವೆಲ್ಲೆಕೂಪ್ ಮತ್ತು ಮಾಸ್ಕ್ 2007ರಲ್ಲಿ ತೋರಿಸಿದ್ದರು.

ಮಸುಕು ಎಲ್ಲಿಂದ ಬರುತ್ತದೆ

ಚುಕ್ಕಿ ಬಂದ ಮಾತ್ರಕ್ಕೆ ಚಿತ್ರ ಚೆನ್ನಾಗಿ ಬರುತ್ತದೆ ಎಂದಲ್ಲ. ಒಟ್ಟು ಬೆಳಕಿನಲ್ಲಿ ಚುಕ್ಕಿಯೊಳಗೆ ಎಷ್ಟು ಪಾಲು ಇದೆ ಎಂದು ಅಳೆಯಿರಿ. ಉಳಿದ ಪಾಲು ಕೋರ್ ತುಂಬಾ ಹರಡಿ, ಚಿತ್ರದ ಮೇಲೆ ಮಂಜು ಕವಿಸುತ್ತದೆ. ಫೇಸನ್ನು ಮಾತ್ರ ತಿದ್ದುವ ವಿಧಾನದಲ್ಲಿ ಎಲ್ಲ ಸರಿಯಿದ್ದರೂ ಈ ಪಾಲು ಸುಮಾರು 78 ಪ್ರತಿಶತಕ್ಕೆ ನಿಲ್ಲುತ್ತದೆ. ಪಟ್ಟೆಯ ಅಗಲ ಬದಲಿಸಿ ಅಲೆಯ ಎತ್ತರವನ್ನೂ ತಿದ್ದಿದರೆ ಇನ್ನೂ ಮೇಲೆ ಹೋಗಬಹುದು.

ಒಂದು ಒಳ್ಳೆಯ ಉಪಾಯ ಪೋಲರೈಸೇಶನ್‌ನಲ್ಲಿದೆ. ನೇರವಾಗಿ ಹಿಡಿದ ಸ್ಟೆಪ್-ಇಂಡೆಕ್ಸ್ ಫೈಬರ್‌ನಲ್ಲಿ ವೃತ್ತಾಕಾರದ ಪೋಲರೈಸೇಶನ್ ಬಹಳಷ್ಟು ಹಾಗೇ ಉಳಿಯುತ್ತದೆ, ರೇಖೀಯವಾದದ್ದು ಉಳಿಯುವುದಿಲ್ಲ. ಎರಡೂ ಕಡೆ ಒಂದೊಂದು ಕ್ವಾರ್ಟರ್-ವೇವ್ ಪ್ಲೇಟ್ (ರೇಖೀಯವನ್ನು ವೃತ್ತಾಕಾರಕ್ಕೆ, ವೃತ್ತಾಕಾರವನ್ನು ರೇಖೀಯಕ್ಕೆ ತಿರುಗಿಸುವ ತೆಳು ಬಿಲ್ಲೆ) ಹಾಕಿ ನೋಡಿ. ದುಡ್ಡಿನ ಲೆಕ್ಕದಲ್ಲಿ ಇಷ್ಟು ಲಾಭ ಕೊಡುವ ಬದಲಾವಣೆ ಇನ್ನೊಂದಿಲ್ಲ.

ನಿಮ್ಮ ಚುಕ್ಕಿ ದಿನ ಕಳೆದಂತೆ ಮಂಕಾಗುತ್ತಿದ್ದರೆ ಲೆನ್ಸ್ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಗಾಜಿಗೂ ಬೂಷ್ಟು ಹಿಡಿಯುತ್ತದೆ. ಆಬ್ಜೆಕ್ಟಿವ್, ಪ್ಲೇಟ್‌ಗಳನ್ನು ಕೆಲಸ ಮುಗಿದ ಕೂಡಲೇ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಸೇರಿಸಿ. ಜೆಲ್ ಬಣ್ಣ ತಿರುಗಿದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಕರೆಂಟ್ ಹೋಗಿ ಬಂದರೆ ಹಳೆಯ ಕ್ಯಾಲಿಬ್ರೇಶನ್ ನಂಬಬೇಡಿ. ಲೇಸರ್‌ಗೂ ಕಂಪ್ಯೂಟರ್‌ಗೂ ಒಂದೇ ಯುಪಿಎಸ್ ಇದ್ದರೆ ನೆಮ್ಮದಿ.

ಚಿತ್ರ ತೆಗೆಯುವುದು

ಮೊದಲು ಗಾಜಿನ ಯುಎಸ್‌ಎಎಫ್ 1951 ಟಾರ್ಗೆಟ್ (ಸ್ಪಷ್ಟತೆ ಅಳೆಯಲು ಸಣ್ಣದಾಗುತ್ತ ಹೋಗುವ ಗೆರೆಗಳಿರುವ ಫಲಕ) ಇಡಿ. ಆಚೆ ತುದಿಯ ಕ್ಯಾಮೆರಾ ತೆಗೆದು ಟಾರ್ಗೆಟ್‌ನ ಹಿಂದೆ ಒಂದು ಫೋಟೋಡಯೋಡ್ ಇಟ್ಟರೆ ಸುಲಭ. ಚುಕ್ಕಿಯನ್ನು 0.7 ಮೈಕ್ರಾನ್ ಹೆಜ್ಜೆಯಲ್ಲಿ ಓಡಿಸಿ, ಪ್ರತಿ ಜಾಗದಲ್ಲಿ ಬಂದ ಬೆಳಕನ್ನು ಬರೆದುಕೊಳ್ಳಿ. ಕೋರ್ ತುಂಬಾ ಸುಮಾರು 4,000 ಬಿಂದು. ಸೆಕೆಂಡಿಗೆ 20,000 ನಮೂನೆ ಬದಲಿಸುವ ಡಿಎಂಡಿಗೆ ಇದು 0.2 ಸೆಕೆಂಡಿನ ಕೆಲಸ. ಆದರೆ 4,000 ಬಿಂದು ಇದೆ ಎಂದು ವರದಿಯಲ್ಲಿ 4,000 ಪಿಕ್ಸೆಲ್ ಸ್ಪಷ್ಟತೆ ಎಂದು ಬರೆಯಬೇಡಿ. ಮೋಡ್‌ಗಳ ಲೆಕ್ಕ ನೆನಪಿದೆ ಅಲ್ವಾ? ಹತ್ತಿರ ಹತ್ತಿರ ಬಿಂದು ಇಟ್ಟರೆ ಚಿತ್ರ ನುಣುಪಾಗುತ್ತದೆ, ವಿವರ ಹೆಚ್ಚುವುದಿಲ್ಲ. ಟಾರ್ಗೆಟ್‌ನ ಏಳನೇ ಗುಂಪಿನ ಆರನೇ ಗೆರೆಗಳ ಅಗಲ 2.19 ಮೈಕ್ರಾನ್. ಅವು ಬಿಡಿ ಬಿಡಿಯಾಗಿ ಕಂಡರೆ ನಿಮ್ಮ ಜೋಡಣೆ ಚೆನ್ನಾಗಿದೆ. ಟಾರ್ಗೆಟ್ ಇಲ್ಲದೆ ತೆಗೆದ ಖಾಲಿ ಚಿತ್ರದಿಂದ ಭಾಗಿಸಿದರೆ ಚುಕ್ಕಿಗಳ ಹೊಳಪಿನ ಏರುಪೇರು ಹೋಗುತ್ತದೆ.

ಫೈಬರ್ ತುದಿಯಿಂದ ವಸ್ತು ಎಷ್ಟು ದೂರ ಇರಬಹುದು? 110 ಮೈಕ್ರಾನ್ ತನಕ ನಡುಭಾಗದ ಸ್ಪಷ್ಟತೆ ಉಳಿಯುತ್ತದೆ. 300 ಮೈಕ್ರಾನ್‌ಗೆ ಹೋದರೆ ಚುಕ್ಕಿ ಸುಮಾರು 3.8 ಮೈಕ್ರಾನ್ ಆಗುತ್ತದೆ. ಯಾವ ದೂರದಲ್ಲಿ ನೋಡಬೇಕೋ ಕ್ಯಾಮೆರಾವನ್ನು ಅದೇ ದೂರಕ್ಕೆ ಫೋಕಸ್ ಮಾಡಿ ಕ್ಯಾಲಿಬ್ರೇಟ್ ಮಾಡಬೇಕು.

ನಿಜವಾದ ಎಂಡೋಸ್ಕೋಪ್‌ನಲ್ಲಿ ಹಿಂದೆ ಡಯೋಡ್ ಇಡಲು ಆಗುವುದಿಲ್ಲ. ಬೆಳಕು ಅದೇ ಫೈಬರ್‌ನಲ್ಲಿ ವಾಪಸ್ ಬರಬೇಕು. ಆಗ ಒಳತುದಿಯ ಗಾಜಿನಿಂದಲೇ ಪ್ರತಿಫಲಿಸುವ ಬೆಳಕು ಎಲ್ಲವನ್ನೂ ಮುಳುಗಿಸುತ್ತದೆ. ಬಣ್ಣ ಬದಲಿಸಿ ಹಿಂತಿರುಗುವ ವಸ್ತು ಸಿಕ್ಕರೆ ಈ ತೊಂದರೆ ತಪ್ಪುತ್ತದೆ. ನಮ್ಮಲ್ಲಿ ಅದು ಪುಕ್ಕಟೆ ಸಿಗುತ್ತದೆ, ಮಳೆಗಾಲದ ಕಾಂಪೌಂಡ್ ಗೋಡೆಯ ಪಾಚಿ (ಮಾಸ್). ಅದರ ಎಲೆ ಹೆಚ್ಚಾಗಿ ಒಂದೇ ಪದರ ಕೋಶದ್ದು, ಒಳಗಿನ ಪತ್ರಹರಿತ್ತು 633 ನ್ಯಾನೋಮೀಟರ್ ಬೆಳಕು ಕುಡಿದು ಇನ್ನೂ ಗಾಢ ಕೆಂಪನ್ನು ಉಗುಳುತ್ತದೆ. ವಾಪಸ್ ದಾರಿಯಲ್ಲಿ 665 ನ್ಯಾನೋಮೀಟರ್‌ಗಿಂತ ಮೇಲಿನದನ್ನಷ್ಟೇ ಬಿಡುವ ಫಿಲ್ಟರ್, ಅದರ ಹಿಂದೆ ಫೋಟೋಮಲ್ಟಿಪ್ಲೈಯರ್‌ನಂಥ ಸೂಕ್ಷ್ಮ ಡಿಟೆಕ್ಟರ್ ಇಡಿ. ಸಾದಾ ಫೋಟೋಡಯೋಡ್‌ಗೆ ಈ ಬೆಳಕು ಸಾಲುವುದಿಲ್ಲ. ಪಾಚಿ ಒಣಗಿದರೆ ಮುದುಡುತ್ತದೆ, ಒಂದು ಹನಿ ನೀರಿನಲ್ಲಿ ಇಡಬೇಕು. ಫೈಬರ್ ತುದಿ ನೀರಿಗೆ ತಾಗಿದ ಕೂಡಲೇ ಫೋಕಸ್ ಸುಮಾರು ಮೂರನೇ ಒಂದು ಭಾಗದಷ್ಟು ಮುಂದೆ ಸರಿಯುತ್ತದೆ. ಹಾಗಾಗಿ ಕ್ಯಾಲಿಬ್ರೇಶನ್ನನ್ನೂ ತುದಿ ನೀರಿನಲ್ಲಿ ಮುಳುಗಿರುವಾಗಲೇ ಮಾಡಿ, ಆಮೇಲೆ ಪಾಚಿಯನ್ನು ಚಿಮುಟದಿಂದ ಹನಿಯೊಳಗೆ ಸರಿಸಿ.